ತಕ್ಕಡಿಗೆ ಬುಟ್ಟಿ ಬಾಕಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯೋಣ.)

ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟದ ದಂಪತಿ ಜನವರಿಯಲ್ಲಿ ಚಿಕ್ಕಮಗಳೂರಿಗೆ, ಮಕ್ಕಳ ಬೆಳವಣಿಗೆ ಬಗ್ಗೆ ಸಲಹೆ ಕೊಡುವ ನನ್ನ ಹತ್ತಿರ ಬಂದರು. ಮಗಳಿಗೆ 4 ವರ್ಷ. ಅಪ್ಪ ಕೂರುವ ಮೊದಲೇ ಫೋನ್ ತೆಗೆದರು. ವಿಡಿಯೊದಲ್ಲಿ ಪುಟ್ಟಿ ರಾಜ್ಯಗಳ ರಾಜಧಾನಿ ಹೇಳುತ್ತಿದ್ದಳು. ಒಂದೂ ತಪ್ಪಿಲ್ಲ.

"ಮೇಡಂ, ಐಕ್ಯೂ ಟೆಸ್ಟ್ ಮಾಡಿಸಬೇಕು. ಸೀದಾ ಒಂದನೇ ಕ್ಲಾಸಿಗೆ ಹಾಕಬಹುದಾ?"

ಅಮ್ಮನ ಚಿಂತೆ ಬೇರೆ. "ಬರೆಯೋಕೆ ಕೂರಿಸಿದರೆ ಹಾಳೆ ಹರಿದು ಹಾಕ್ತಾಳೆ. 'ಕ' ಸೊಟ್ಟ ಆಯ್ತು ಅಂತ ಅತ್ತು ಅತ್ತು ಸುಸ್ತಾಗ್ತಾಳೆ. ಶಾಲೆಯಲ್ಲಿ ಬರೀ ಹಠ ಅಂತಾರೆ."

ರಾಜಧಾನಿಗಳಿಂದ ನನಗೆ ಗೊತ್ತಾಗಿದ್ದು ಅವಳ ನೆನಪಿನ ಶಕ್ತಿ ಚೆನ್ನಾಗಿದೆ ಅಂತ ಮಾತ್ರ. "ಅವಳೇ ಕೇಳಿದ ಪ್ರಶ್ನೆ ಯಾವುದಾದರೂ ಇದೆಯಾ?" ಅಂದೆ.

ಅಮ್ಮ ಸ್ವಲ್ಪ ಯೋಚಿಸಿ ಹೇಳಿದರು. ಕೊಯ್ಲಿನ ಸಂಜೆ ಹಣ್ಣು ತೂಗುವಾಗ ಪುಟ್ಟಿ ಅಜ್ಜನ ಪಕ್ಕ ನಿಲ್ಲುತ್ತಾಳೆ. ಖಾಲಿ ಬುಟ್ಟಿ ಇಟ್ಟು ಎಲೆಕ್ಟ್ರಾನಿಕ್ ತಕ್ಕಡಿಯನ್ನು ಸೊನ್ನೆಗೆ ತರುತ್ತಾರೆ, ಆಮೇಲೆ ಹಣ್ಣು ಸುರಿಯುತ್ತಾರೆ. ಒಂದು ದಿನ ಬುಟ್ಟಿ ಎತ್ತಿದಾಗ ಮೈನಸ್ 2 ಬಂತು. "ಅಜ್ಜ, ಏನೂ ಇಲ್ಲದ್ದಕ್ಕಿಂತ ಕಮ್ಮಿ ಹೇಗೆ?" ಅಜ್ಜ ನಕ್ಕು ಸುಮ್ಮನಾದರು. ಅವಳು ಸುಮ್ಮನಾಗಲಿಲ್ಲ. ಬುಟ್ಟಿ ಇಡುವುದು, ತೆಗೆಯುವುದು, ಕಲ್ಲು ಇಟ್ಟು ನೋಡುವುದು. ಮೂರನೇ ದಿನ ಓಡಿ ಬಂದು ಹೇಳಿದಳಂತೆ: "ಅಜ್ಜ, ತಕ್ಕಡಿಗೆ ಬುಟ್ಟಿ ಬಾಕಿ ಇದೆ!" ಬುಟ್ಟಿ ಇದ್ದಾಗ ಸೊನ್ನೆ ಅಂದುಕೊಂಡ ತಕ್ಕಡಿ, ಬುಟ್ಟಿ ಎತ್ತಿದರೆ ಅದರ ತೂಕದಷ್ಟೇ ಕಮ್ಮಿ ತೋರಿಸುತ್ತದೆ ಅನ್ನುವುದನ್ನು ಅವಳು ಕಂಡುಕೊಂಡಿದ್ದಳು.

ನನಗೆ ಮೈ ಜುಮ್ಮೆಂದಿತು. ಯಾರೂ ಹೇಳಿಕೊಡದ ಪ್ರಶ್ನೆ, ಮೂರು ದಿನ ಬಿಡದ ಗುಂಗು, ತನ್ನದೇ ಮಾತಲ್ಲಿ ಉತ್ತರ. ಚಿಕ್ಕ ವಯಸ್ಸಿನಲ್ಲಿ ಗಮನಿಸಬೇಕಾದ್ದು ಇದನ್ನೇ.

ಅಳುವಿಗೂ ಇದಕ್ಕೂ ನಂಟಿದೆ. ವಯಸ್ಸಿಗೆ ಮೀರಿ ಚುರುಕಾದ ಇಂಥ ಮಕ್ಕಳ ಬುದ್ಧಿ, ಬೆರಳು, ಮನಸ್ಸು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಪುಟ್ಟಿಯ ತಲೆಯಲ್ಲಿ 'ಕ' ದುಂಡಗಿದೆ. ಬೆರಳಿಗೆ ಮಾತ್ರ ಇನ್ನೂ ನಾಲ್ಕೇ ವರ್ಷ. ಅದರ ಮೇಲೆ ನೆಂಟರು ಬಂದಾಗಲೆಲ್ಲ ಫೋನ್ ಮುಂದೆ ನಿಲ್ಲಿಸಿದರೆ, ತಪ್ಪಬಾರದು ಅನ್ನುವ ಭಯ ಕೂರದೇ ಇರುತ್ತಾ?

ಟೆಸ್ಟ್ ಈಗ ಬೇಡ ಅಂದೆ. ಐಕ್ಯೂ ಅಂದರೆ ಬುದ್ಧಿಶಕ್ತಿ ಪರೀಕ್ಷೆಯ ಅಂಕ. ಅಸಾಧಾರಣ ಚುರುಕು ಅಂತ ಸಾಮಾನ್ಯವಾಗಿ ಹೇಳುವ 130 ದಾಟುವುದು 100ಕ್ಕೆ ಸುಮಾರು 2 ಮಕ್ಕಳು. ಆದರೆ 4ನೇ ವಯಸ್ಸಿನ ಅಂಕ ಮುಂದೆ ಬದಲಾಗಬಹುದು. ನಿದ್ದೆ, ಹಸಿವು, ಹೊಸಬರ ಅಂಜಿಕೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಶಾಲೆಯಲ್ಲಿ ತೊಂದರೆ ಹೆಚ್ಚಾದರೆ ಆರೇಳು ವರ್ಷಕ್ಕೆ ನೋಡೋಣ. ಕನ್ನಡ ಮಕ್ಕಳಿಗೆ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆ ಇದೆ. ಒಂದನೇ ಕ್ಲಾಸಿಗೆ ವಯಸ್ಸಿನ ನಿಯಮ ಇದೆ. ನಿಯಮ ಇಲ್ಲದಿದ್ದರೂ ದಿನಕ್ಕೆ ಎರಡು ಪುಟ ಕಾಪಿ ಬರೆಸುವ ಕಡೆ ಇವಳನ್ನು ಕಳಿಸಿ ಅನ್ನುತ್ತಿರಲಿಲ್ಲ.

ಅಪ್ಪನಿಗೆ ಕೇಳಿಕೊಂಡೆ: ವಿಡಿಯೊ ನಿಲ್ಲಿಸಿ. "ಜಾಣೆ" ಅನ್ನುವ ಬದಲು "ಅದು ಹೇಗೆ ಗೊತ್ತಾಯ್ತು?" ಅಂತ ಕೇಳಿ. ಅಮ್ಮನಿಗೆ: ಪೆನ್ಸಿಲ್ ಬಿಡಿ. ಹಿಟ್ಟು ನಾದಲಿ, ಬಟಾಣಿ ಬಿಡಿಸಲಿ, ಬೆರಳು ಗಟ್ಟಿಯಾಗಲಿ. ದೋಸೆ ಸೊಟ್ಟ ಆದಾಗ ನೀವು ನಕ್ಕು ತಿನ್ನುವುದು ಅವಳಿಗೆ ಕಾಣಲಿ. ಮನೆಯಲ್ಲಿದ್ದ ಅಜ್ಜನಿಗೆ ಹೇಳಿ ಕಳಿಸಿದೆ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಜೊತೆಗೆ ಕೂತು ಹುಡುಕಿ.

ಅಪ್ಪನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ಒಪ್ಪಿಕೊಂಡರು.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ಅಮ್ಮ ಫೋನ್ ಮಾಡಿದ್ದರು. ಪುಟ್ಟಿ ಕಣದ ತುಂಬಾ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಅಂಕಿ ಬರೆಯುತ್ತಾಳಂತೆ. ಎಲ್ಲ ಸೊಟ್ಟ. ಅಳಿಸುತ್ತಿಲ್ಲ. ಹಾಳೆ ಕಂಡರೆ ಅಳು ಇನ್ನೂ ಇದೆ. ಜೂನ್‌ನಲ್ಲಿ ಮತ್ತೆ ಬರಲು ಹೇಳಿದ್ದೇನೆ, ಈ ಸಲ ಅಜ್ಜನೂ ಜೊತೆಗೆ.