ಬಿದ್ದ ಮರ: ಸೌದೆಯೋ, ಗೊಬ್ಬರವೋ?

ಪ್ರಶ್ನೆ: ಮೂರು ವರ್ಷದ ಹಿಂದೆ ಉರುಳಿದ ಮರ ಹಾಗೇ ಬಿದ್ದಿದೆ. ಕಾಂಡ ಒಂದೂವರೆ ಅಡಿ ದಪ್ಪ. ತೊಗಟೆ ಉದುರಿದೆ, ಒಂದು ಬದಿಗೆ ಅಣಬೆ ಎದ್ದಿದೆ. ಸೌದೆಗೆ ಬಂದೀತೇ?

ಉತ್ತರ: ಎಷ್ಟು ವರ್ಷದಿಂದ ಬಿದ್ದಿದೆ ಎನ್ನುವುದಕ್ಕಿಂತ ಹೇಗೆ ಬಿದ್ದಿದೆ ಎನ್ನುವುದು ಮುಖ್ಯ. ಮರ ತಿನ್ನುವ ಶಿಲೀಂಧ್ರಕ್ಕೆ ನೀರು ಬೇಕು. ನೆಲ ಮುಟ್ಟದೆ ಗಾಳಿಯಲ್ಲಿ ನಿಂತ ಕೊಂಬೆ ಮೂರು ವರ್ಷವಾದರೂ ಗಟ್ಟಿಯಾಗಿರಬಹುದು; ಮಣ್ಣಿಗೆ ಹೊಟ್ಟೆಯಾನಿಸಿದ ಕಾಂಡ ಅಡಿಯಿಂದ ಲಡ್ಡಾಗುತ್ತಾ, ಅಂದರೆ ಕೊಳೆತು ಮೆತ್ತಗಾಗುತ್ತಾ ಬರುತ್ತದೆ. ಹಾಗಾಗಿ ಇಡೀ ಮರಕ್ಕೆ ಒಂದೇ ತೀರ್ಪು ಬೇಡ.

ಒಂದು ಸ್ಕ್ರೂಡ್ರೈವರ್ ಹಿಡಿದು ಒಂದೊಂದು ಅಡಿಗೂ ಕೈಬಲದಿಂದ ಚುಚ್ಚಿ ನೋಡಿ. ಅರ್ಧ ಇಂಚು ಇಳಿದು ಟಕ್ಕೆಂದು ನಿಂತರೆ ಕೊಳೆತದ್ದು ಹೊರಗಿನ ಬಿಳಿ ಭಾಗ ಮಾತ್ರ. ಮಚ್ಚಿನಿಂದ ಕೆತ್ತಿ ತೆಗೆದರೆ ಒಳಗಿನ ಚೇಗು (ಕಾಂಡದ ನಡುವಿನ ಗಟ್ಟಿ ಮರ) ಒಳ್ಳೆಯ ಸೌದೆ. ಎರಡು ಇಂಚು ಸಲೀಸಾಗಿ ಇಳಿದರೆ ಆ ಭಾಗ ಬಿಟ್ಟುಬಿಡಿ. ಕೆಲವು ಮರ ಇದಕ್ಕೆ ಉಲ್ಟಾ, ಒಳಗೆ ಪೊಳ್ಳು, ಸುತ್ತ ಗಟ್ಟಿ. ಅದಕ್ಕೇ ಒಂದು ತುದಿಯನ್ನು ಕೊಯ್ದು ನೋಡಲೇಬೇಕು. ಗರಗಸದಿಂದ ತರಿತರಿಯಾದ ಹೊಟ್ಟು ಬಿದ್ದರೆ ಸರಿ. ಕಂದು ಹಿಟ್ಟು ಉದುರಿದರೆ, ಅಥವಾ ಕೊಯ್ದ ಮುಖ ಚೌಕಚೌಕವಾಗಿ ಬಿರುಕು ಬಿಟ್ಟಿದ್ದರೆ, ಮರದ ಸತ್ವ ಹೋಗಿದೆ.

ಎರಡು ತುಂಡು ಬಡಿದು ಸದ್ದು ಕೇಳುವುದು ಹಳೆಯ ಪದ್ಧತಿ. ಟಣ್ ಎಂದರೆ ಒಣಗಿದ ಗಟ್ಟಿ ಮರ. ದಪ್ ಎಂದರೆ ಮಾತ್ರ ಅವಸರದ ತೀರ್ಮಾನ ಬೇಡ, ಗಟ್ಟಿಯಾದ ಹಸಿ ಸೌದೆಯೂ ಹಾಗೇ ಸದ್ದು ಮಾಡುತ್ತದೆ. ಹೆಚ್ಚು ಮೋಸ ಮಾಡುವುದು ನೀರು ಕುಡಿದ ಲಡ್ಡು: ಎತ್ತಿದರೆ ಭಾರ, ಒಣಗಿದರೆ ಬೆಂಡು. ಆದ್ದರಿಂದ ಒಣಗಿಸಿಯೇ ತೂಗಿ. ಒಣ ಮರದಲ್ಲಿ ಕೆಜಿಗೆ ಸಿಗುವ ಶಾಖ ಜಾತಿ ಯಾವುದಾದರೂ ಹೆಚ್ಚುಕಡಿಮೆ ಒಂದೇ. ಅದೇ ಜಾತಿಯ, ಅದೇ ಅಳತೆಯ ಗಟ್ಟಿ ತುಂಡು 2 ಕೆಜಿ ಇದ್ದು ನಿಮ್ಮದು 1.2 ಕೆಜಿ ತೂಗಿದರೆ, ಶಾಖವೂ ಸುಮಾರು ನೂರಕ್ಕೆ 60 ಪಾಲು. ಅರ್ಧಕ್ಕಿಂತ ಕೆಳಗೆ ಬಂದರೆ ಕೊಯ್ಯುವ, ಹೊರುವ ಶ್ರಮವೇ ದಂಡ.

ಪ್ರಶ್ನೆ: ಮೂರು ವರ್ಷ ಬಿದ್ದೇ ಒಣಗಿದೆಯಲ್ಲ, ನೇರ ಒಲೆಗೆ ಹಾಕಬಹುದೇ?

ಉತ್ತರ: ಇಡೀ ದಿಮ್ಮಿ ಒಣಗುವುದು ಬಲು ನಿಧಾನ, ತೊಗಟೆ ಇದ್ದರಂತೂ ಇನ್ನೂ ನಿಧಾನ. ಮೂರು-ನಾಲ್ಕು ಇಂಚಿನ ಸೀಳು ಮಾಡಿ, ನೆಲದಿಂದ ಒಂದು ಗೇಣು ಮೇಲೆ ಒಟ್ಟಿ, ಮೇಲ್ಭಾಗ ಮಾತ್ರ ಮುಚ್ಚಿ. ಪಕ್ಕಗಳನ್ನೂ ಪ್ಲಾಸ್ಟಿಕ್ಕಿನಿಂದ ಸುತ್ತಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಒಂದು ಹೋಳಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಸೌದೆ ಸಿದ್ಧ.

ತೇವ ಅಳೆಯುವ ಮೀಟರ್ ಇದ್ದರೆ ಹೊರಮೈಗೆ ಒತ್ತಬೇಡಿ. ಆಗಷ್ಟೇ ಸೀಳಿದ ಮುಖದ ನಡುವೆ, ನಾರಿನ ಉದ್ದಕ್ಕೆ ಒತ್ತಿ. ಅದು ತೋರಿಸುವ 25 ಎಂದರೆ 1 ಕೆಜಿ ಒಣ ಮರಕ್ಕೆ 250 ಗ್ರಾಂ ನೀರು, ಅಂದರೆ ಒಟ್ಟು ತೂಕದಲ್ಲಿ ನೂರಕ್ಕೆ 20 ಪಾಲು. ಅದಕ್ಕಿಂತ ಒಣಗಿರಲಿ. ತೂಕದಲ್ಲಿ ಅರ್ಧ ನೀರೇ ಇರುವ ಸೌದೆ, ಕೆಜಿಗೆ ಕೊಡುವ ಶಾಖ 20 ಪಾಲು ನೀರಿನ ಸೌದೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಜೊತೆಗೆ ಹೊಗೆ, ಚಿಮಣಿಯೊಳಗೆ ಮಸಿ.

ಪ್ರಶ್ನೆ: ತುಂಡುಗಳಲ್ಲಿ ಸೂಜಿತೂತು, ಬಿಳಿ ಪುಡಿ ಉದುರುತ್ತಿದೆ. ಮನೆಯೊಳಗೆ ತರಬಹುದೇ?

ಉತ್ತರ: ಪುಡಿ ಹೊಸದಾಗಿ ಬೀಳುತ್ತಿದ್ದರೆ ಒಳಗೆ ಕುಟ್ಟೆಹುಳ ಜೀವಂತವಾಗಿದೆ. ಉರಿಸಲು ಅಡ್ಡಿಯಿಲ್ಲ, ಆದರೆ ಒಟ್ಟಿಲು ಹೊರಗಿರಲಿ, ಗೋಡೆಗೆ ತಾಗಿರದಿರಲಿ. ಅಂದಂದಿಗೆ ಬೇಕಾದಷ್ಟೇ ಒಳಗೆ ತನ್ನಿ. ಗೆದ್ದಲ ಮಣ್ಣಿದ್ದರೆ ಕೊಡವಿ. ಕೀಟನಾಶಕ ಸಿಂಪಡಿಸಲೇಬೇಡಿ, ಅದರ ಹೊಗೆ ಕುಡಿಯುವವರು ನೀವೇ. ಬೂಸ್ಟು ಹಿಡಿದ ತುಂಡನ್ನು ಹೊರಗೇ, ಮೂಗಿಗೆ ಮಾಸ್ಕ್ ಕಟ್ಟಿ ಉಜ್ಜಿ ಒಣಗಿಸಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

ಪ್ರಶ್ನೆ: ಬೇರು ಸಮೇತ ಮಗುಚಿದ ಮರ. ಕೊಯ್ಯುವಾಗ ಏನು ಎಚ್ಚರ?

ಉತ್ತರ: ಕಾಂಡ ಕತ್ತರಿಸಿದ ಗಳಿಗೆಗೆ ಭಾರ ತಪ್ಪಿ ಬೇರಿನ ಗೆಡ್ಡೆ ಹಠಾತ್ತನೆ ನೆಟ್ಟಗೆ ಎದ್ದು ಗುಂಡಿಯೊಳಗೆ ಕೂರಬಹುದು. ಗುಂಡಿಯ ಹತ್ತಿರ ಮಕ್ಕಳು, ನಾಯಿ ಯಾರೂ ಸುಳಿಯಬಾರದು. ಈ ಕೊಯ್ತವನ್ನು ಅನುಭವಿಗಳಿಗೇ ಬಿಡಿ. ಬೇಲಿಸಾಲಿನ ಮರವಾದರೆ ಬುಡದಲ್ಲಿ ತಂತಿ, ಮೊಳೆ ಹೂತಿರುತ್ತವೆ. ಕೊಯ್ದ ಮುಖದಲ್ಲಿ ನೀಲಿಗಪ್ಪು ಕಲೆ ಕಂಡರೆ ಅಲ್ಲಿ ಕಬ್ಬಿಣ ಇರಬಹುದು.

ಪ್ರಶ್ನೆ: ಬಿಟ್ಟುಬಿಡಿ ಎಂದ ಲಡ್ಡು ಯಾತಕ್ಕೂ ಬಾರದೇ?

ಉತ್ತರ: ಚೆನ್ನಾಗಿ ಒಣಗಿದ ಕಂದು ಲಡ್ಡು ಕಿಡಿ ತಾಗಿದರೆ ಸಾಕು, ಹೊಗೆಯಾಡುತ್ತಾ ಹಿಡಿದುಕೊಳ್ಳುತ್ತದೆ. ಒಂದು ಡಬ್ಬದಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಒಲೆ ಹೊತ್ತಿಸಲು ಆಯಿತು. ತೆರೆದಿಟ್ಟರೆ ಸ್ಪಂಜಿನಂತೆ ತೇವ ಹೀರುತ್ತದೆ. ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿ.