ಸ್ಟೀಫನ್ ಲೀಕಾಕ್ ಯಾರು? ಯಾವುದರಿಂದ ಓದಲು ಶುರುಮಾಡಲಿ?

ಕೆನಡಾದ ಹಾಸ್ಯ ಲೇಖಕ, ಆದರೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1869ರಲ್ಲಿ. ಆರು ವರ್ಷದ ಹುಡುಗನಾಗಿದ್ದಾಗ ಮನೆಯವರು ಒಂಟಾರಿಯೋಗೆ ಬಂದು ಬೇಸಾಯಕ್ಕೆ ಇಳಿದರು. ಅದು ಕೈಹತ್ತಲಿಲ್ಲ. ಕೆಲಸದಲ್ಲಿ ಈತ ಮೇಷ್ಟ್ರು: ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1936ರವರೆಗೂ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕಲಿಸಿದ.

ಮೊದಲು 'ಮೈ ಫೈನಾನ್ಶಿಯಲ್ ಕರಿಯರ್' ಓದಿ, ನಾಲ್ಕೈದು ಪುಟ ಅಷ್ಟೇ. ಬ್ಯಾಂಕ್ ಕಂಡರೆ ಕೈಕಾಲು ನಡುಗುವ ಒಬ್ಬ 56 ಡಾಲರ್ ಕಟ್ಟಲು ಹೋಗಿ, ಮ್ಯಾನೇಜರನ್ನು ಒಬ್ಬರನ್ನೇ ನೋಡಬೇಕು ಅಂತ ಗುಟ್ಟಾಗಿ ಕೇಳುತ್ತಾನೆ, ಅವರೋ ಇವನು ಪತ್ತೇದಾರನೇ ಇರಬೇಕು ಅಂದುಕೊಳ್ಳುತ್ತಾರೆ. ಹೊರಡುವಾಗ ಬಾಗಿಲು ಅಂತ ತಿಜೋರಿಯೊಳಗೇ ನುಗ್ಗುತ್ತಾನೆ! ಕೊನೆಗೆ ಹಣ ಕಟ್ಟಿ, ಖರ್ಚಿಗೆ 6 ಡಾಲರ್ ವಾಪಸ್ ತೆಗೆಯಲು ಹೋಗಿ ಗಾಬರಿಯಲ್ಲಿ ಪೂರ್ತಿ 56ಕ್ಕೂ ಚೆಕ್ ಬರೆದು, ಅವತ್ತಿನಿಂದ ಉಳಿತಾಯವನ್ನೆಲ್ಲ ಕಾಲುಚೀಲದಲ್ಲಿ ಇಡುತ್ತಾನೆ. ಬರೆದವನು ಅರ್ಥಶಾಸ್ತ್ರದ ಮೇಷ್ಟ್ರು ಅನ್ನೋದು ನೆನಪಿರಲಿ.

ಇದಿರುವ 'ಲಿಟರರಿ ಲ್ಯಾಪ್ಸಸ್' ಪುಸ್ತಕವನ್ನು 1910ರಲ್ಲಿ ತಾನೇ ಅಚ್ಚು ಹಾಕಿಸಿದ್ದ. ನನಗೆ ಜಾಸ್ತಿ ಇಷ್ಟ 1912ರ 'ಸನ್‌ಶೈನ್ ಸ್ಕೆಚಸ್'. ಒರಿಲಿಯಾ ಅನ್ನೋ ಊರನ್ನು ನೋಡಿ ಕಟ್ಟಿದ ಮಾರಿಪೋಸಾ ಎಂಬ ಸಣ್ಣ ಊರಿನ ಕತೆ ಅದು. ಅಲ್ಲಿನವರನ್ನು ಗೇಲಿ ಮಾಡುತ್ತಾನೆ, ಆದರೆ ಚುಚ್ಚುವುದಿಲ್ಲ. 1944ರಲ್ಲಿ ತೀರಿಕೊಂಡ. 1947ರಿಂದ ಈತನ ಹೆಸರಲ್ಲಿ ಹಾಸ್ಯಕ್ಕೆ ಪದಕ ಕೊಡುತ್ತಾರೆ.