ಎಲ್ಲಾ ರೋಬೋಟೇ ಮಾಡುವ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್‌ಗೆ ಏನು ಕೆಲಸ?

ಡಿಪ್ಲೊಮಾ ಮುಗಿದಿದೆ, ಬಿಡದಿ ಕಡೆ ಒಂದು ಆಫರ್ ಬಂದಿದೆ, ಅಲ್ಲಿ ಎಲ್ಲಾ ಆಟೊಮ್ಯಾಟಿಕ್ ಅಂತೆ, ಹೋದರೆ ಕಲಿಯೋಕೆ ಏನಾದರೂ ಇರುತ್ತಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷದಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಖಂಡಿತ ಸೇರಿಕೊಳ್ಳಿ.

ರೋಬೋಟ್ ಕೆಡುವುದು ಅಪರೂಪ. ಲೈನ್ ನಿಲ್ಲುವುದು ಹೆಚ್ಚಾಗಿ ಒಂದು ಸಿಗ್ನಲ್ ಬಾರದೆ. ಗಾಳಿಯ ಒತ್ತಡದಿಂದ ಓಡಾಡುವ ಸಿಲಿಂಡರ್ ಮುಂದಕ್ಕೆ ಹೋಗಿರುತ್ತದೆ, ಆದರೆ ಅದು ಬಂತು ಅಂತ ತಿಳಿಸಲು ಅದರ ಮೇಲೆ ಕೂರಿಸಿದ ರೀಡ್ ಸ್ವಿಚ್ ಒಂಚೂರು ಜರುಗಿರುತ್ತದೆ. ಮಷೀನನ್ನು ನಡೆಸುವ ಕಂಪ್ಯೂಟರ್, ಅಂದರೆ ಪಿಎಲ್‌ಸಿಗೆ ಸಿಲಿಂಡರ್ ಬಂದಿದ್ದೇ ಗೊತ್ತಾಗುವುದಿಲ್ಲ, ಸುಮ್ನೆ ಕಾಯುತ್ತಾ ನಿಲ್ಲುತ್ತದೆ. ಹಾಗಾಗಿ ಮಷೀನ್ ಯಾವುದಕ್ಕೆ ಕಾಯುತ್ತಿದೆ ಅಂತ ಮೊದಲು ನೋಡುತ್ತೇನೆ. ಪಿಎಲ್‌ಸಿಯೊಳಗಿನ ಪ್ರೋಗ್ರಾಂ, ಅಂದರೆ ಲ್ಯಾಡರ್ ತೆರೆದು ಆನ್ ಆಗದ ಇನ್‌ಪುಟ್ ಹುಡುಕುತ್ತೇನೆ. ಡ್ರಾಯಿಂಗ್‌ನಲ್ಲಿ ಅದರ ವೈರ್ ನಂಬರ್ ಹಿಡಿದು, 24 ವೋಲ್ಟ್ ಎಲ್ಲಿಯವರೆಗೆ ಬಂದಿದೆ ಅಂತ ಮೀಟರ್ ಇಟ್ಟು ನೋಡುತ್ತಾ ಹೋಗುತ್ತೇನೆ.

ಎರಡನೇ ವರ್ಷದ ಒಂದು ಸಂಗತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಸ್ಟೇಷನ್ ಗಂಟೆಗೆ ಎರಡು ಮೂರು ಸಲ ನಿಲ್ಲುತ್ತಿತ್ತು. ರೀಸೆಟ್ ಮಾಡಿದರೆ ಮತ್ತೆ ಓಡುತ್ತಿತ್ತು. ಸೆನ್ಸರ್ ಬದಲಿಸಿದೆವು, ಇನ್‌ಪುಟ್ ಕಾರ್ಡೂ ಬದಲಿಸಿದೆವು. ಏನೂ ಆಗಲಿಲ್ಲ. ಮೂರನೇ ರಾತ್ರಿ ಸಿ ಶಿಫ್ಟ್‌ನಲ್ಲಿ ಮಷೀನ್ ಸುತ್ತಲಿನ ಬೇಲಿ, ಅಂದರೆ ಗಾರ್ಡ್‌ನ ಹೊರಗೆ ಕೂತು ಬರೀ ನೋಡಿದೆ. ಪ್ರತಿ ಸಲ ಸ್ಲೈಡ್ ಒಂದೇ ಜಾಗಕ್ಕೆ ಬಂದಾಗ ನಿಲ್ಲುತ್ತಿತ್ತು. ಲೈನ್ ನಿಲ್ಲಿಸಿ ಸ್ಲೈಡ್ ಜೊತೆ ಓಡಾಡುವ ಕೇಬಲ್‌ಗಳನ್ನು ಹಿಡಿದಿಡುವ ಡ್ರ್ಯಾಗ್ ಚೈನ್‌ನಿಂದ ಸೆನ್ಸರ್‌ನ ಕೇಬಲ್ ಬಿಡಿಸಿ ಮುಟ್ಟಿ ನೋಡಿದೆ. ಮೇಲೆ ಒಂದು ಗೀರೂ ಇರಲಿಲ್ಲ. ಬೆರಳಲ್ಲಿ ಬಗ್ಗಿಸಿದಾಗ ಸೆನ್ಸರ್‌ನ ಹಳದಿ ಲೈಟ್ ಆರಿತು, ನೇರ ಮಾಡಿದರೆ ಹತ್ತಿತು. ಒಳಗೆ ತಾಮ್ರ ತುಂಡಾಗಿತ್ತು. ಚೈನ್‌ನಲ್ಲಿ ದಿನಕ್ಕೆ ಸಾವಿರಾರು ಸಲ ಬಗ್ಗುವ ಜಾಗಕ್ಕೆ ಯಾರೋ ಸಾದಾ ಕೇಬಲ್ ಹಾಕಿದ್ದರು. ಫ್ಲೆಕ್ಸಿಬಲ್ ಕೇಬಲ್ ಹಾಕಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಆ ಬೆಳಗ್ಗೆ ಮನೆಗೆ ಹೋಗುವಾಗ ಆಗಿದ್ದ ಖುಷಿಯೇ ನನ್ನನ್ನು ಈ ಕೆಲಸದಲ್ಲಿ ಉಳಿಸಿದ್ದು.

ಕಷ್ಟ ಇದೆ. 6 ರಿಂದ 2, 2 ರಿಂದ 10, 10 ರಿಂದ 6 ಅಂತ ಶಿಫ್ಟ್ ತಿರುಗುತ್ತಲೇ ಇರುತ್ತದೆ. ಪ್ರೊಡಕ್ಷನ್ ರಜೆ ಇದ್ದಾಗಲೇ ನಮ್ಮ ದೊಡ್ಡ ಕೆಲಸ. ಗ್ರೀಸ್, ಬೆಲ್ಟ್, ಪ್ಯಾನೆಲ್ ಫಿಲ್ಟರ್, ರೋಬೋಟ್‌ನ ಕೀಲುಗಳು ಎಲ್ಲಿವೆ ಅಂತ ಅಳೆಯುವ ಎನ್‌ಕೋಡರ್‌ನ ಬ್ಯಾಟರಿ, ಎಲ್ಲಾ ಆಗಲೇ ಆಗಬೇಕು. ಪವರ್ ಇಲ್ಲದಾಗ ಆ ಬ್ಯಾಟರಿ ಸತ್ತರೆ ರೋಬೋಟ್ ತನ್ನ ಜಾಗವನ್ನೇ ಮರೆಯುತ್ತದೆ, ಮತ್ತೆ ಮಾಸ್ಟರಿಂಗ್ ಮಾಡಬೇಕು, ಅಂದರೆ ಅದರ ಮೂಲ ಜಾಗವನ್ನು ಹೊಸದಾಗಿ ಗುರುತು ಮಾಡಿಕೊಡಬೇಕು. ಆಯುಧ ಪೂಜೆ ಆದ ಮೇಲೆ ಫೋಟೊ ಸೆನ್ಸರ್‌ಗಳ ಬೆಳಕನ್ನು ವಾಪಸ್ ಕಳಿಸುವ ರಿಫ್ಲೆಕ್ಟರ್‌ಗೆ ಕುಂಕುಮ ತಾಗಿದೆಯಾ ಅಂತ ನಾನು ಒಂದೊಂದನ್ನೂ ನೋಡಿಕೊಂಡು ಬರುತ್ತೇನೆ. ಹಬ್ಬಕ್ಕೆ ಊರಿಗೆ ಹೋಗಲಾಗದ ವರ್ಷಗಳೂ ಬರುತ್ತವೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಸೇರಿದ ದಿನವೇ ನಿಮ್ಮ ಹೆಸರಿನ ಲಾಕೌಟ್ ಬೀಗ, ಅಂದರೆ ನೀವು ಒಳಗಿರುವಾಗ ಯಾರೂ ಪವರ್ ಹಾಕದಂತೆ ಸ್ವಿಚ್‌ಗೆ ಹಾಕುವ ಬೀಗ, ಕೇಳಿ ತಗೊಳ್ಳಿ. ನಿಂತ ಮಷೀನ್ ಸಿಗ್ನಲ್‌ಗೆ ಕಾಯುತ್ತಿರುತ್ತದೆ ಅಂದೆನಲ್ಲ, ನಿಮ್ಮ ಕೈ ಸೆನ್ಸರ್‌ಗೆ ಅಡ್ಡ ಬಂದರೆ ಅದಕ್ಕೆ ಅದೇ ಸಿಗ್ನಲ್. ಕರೆಂಟ್ ತೆಗೆದರೂ ಸಿಲಿಂಡರ್‌ನಲ್ಲಿ ಗಾಳಿ ಉಳಿದಿರುತ್ತದೆ, ಅದನ್ನೂ ಹೊರಗೆ ಬಿಟ್ಟು ಖಾಲಿ ಮಾಡಿ. ಎಷ್ಟೇ ಅವಸರ ಮಾಡಲಿ, ಬೀಗ ಹಾಕದೆ ಗಾರ್ಡ್ ಒಳಗೆ ಕೈ ಹಾಕಬೇಡಿ. ಕೀಲಿ ನಿಮ್ಮ ಜೇಬಲ್ಲೇ ಇರಲಿ.